ಬೋಣಿ

ಹನ್ನೊಂದು ವರ್ಷ ನಾನು ಮೂರು ಮೂರು ತಿಂಗಳಂತೆ ಬದುಕಿದೆ.
ಮೂರು ಬ್ಯಾಂಕು, ಒಂದು ವಿಮೆ, ಒಂದು ಗ್ಯಾಸ್ ಕಂಪನಿ.
ಗಡುವು ಮುಗಿಯುವ ವಾರ ಯಾರೋ ಒಬ್ಬ ಗಾಜಿನ ಕೋಣೆಗೆ ಕರೆದು
"ಇಷ್‌ಬೆಲ್, ಜೂನ್‌ವರೆಗೆ ಇರುತ್ತೀಯಲ್ಲ?" ಅನ್ನುತ್ತಿದ್ದ,
ಊಟಕ್ಕೆ ಇರುತ್ತೀಯಲ್ಲ ಅಂದ ಹಾಗೆ.
ಇರುತ್ತಿದ್ದೆ. ದಿನಕ್ಕೆ ನಾನೂರ ಇಪ್ಪತ್ತು ಪೌಂಡು.

ಹಳೆಯ ಕಂಪ್ಯೂಟರಿನ ಹೊಟ್ಟೆಯಿಂದ ಹೊಸದರ ಹೊಟ್ಟೆಗೆ
ಜನರ ಹೆಸರು, ವಿಳಾಸ, ಸಾಲ ಸಾಗಿಸುವುದು ನನ್ನ ಕೆಲಸ.
ಮನೆ ಬದಲಿಸುವವರ ಹಮಾಲಿ ಅನ್ನಿ.
ಒಂದು ಲೋಟ ಒಡೆಯಲಿಲ್ಲ.
ಸಾಮಾನು ಇಳಿಸಿದ ಮೇಲೆ ಕೂರು ಅಂದವರೂ ಇಲ್ಲ.

ಒಂದು ಬುಧವಾರ ಬೆಂಕಿಯ ಗಂಟೆ ಹೊಡೆಯಿತು.
ಸುಳ್ಳು ಬೆಂಕಿ, ಅಭ್ಯಾಸಕ್ಕೆ.
ಕಾರು ನಿಲ್ಲಿಸುವ ಜಾಗದಲ್ಲಿ, ಜಿಟಿಜಿಟಿಯಲ್ಲಿ, ಸಾಲಾಗಿ ನಿಂತೆವು.
ಹಳದಿ ಜಾಕೆಟ್ಟಿನ ಹುಡುಗಿ ಹೆಸರು ಕೂಗಿದಳು,
ನೂರಾ ಹದಿನಾರು ಹೆಸರು. ನನ್ನದಿರಲಿಲ್ಲ.
"ಸಂದರ್ಶಕರ ಪಟ್ಟಿಯಲ್ಲಿರಬೇಕು," ಅಂದಳು ಪಾಪ, ಹಾಳೆ ತಿರುವುತ್ತ.
ಅದರಲ್ಲೂ ಇರಲಿಲ್ಲ.
ಅಂದರೆ ನಾನು ಒಳಗೇ ಉರಿದುಹೋಗಿದ್ದರೂ
ಲೆಕ್ಕ ಸರಿಯಾಗಿಯೇ ಬರುತ್ತಿತ್ತು.

ಸಿಟ್ಟು ಬರಲಿಲ್ಲ. ಲೆಕ್ಕ ಸರಿ ಬರುವುದು ನನಗೂ ಇಷ್ಟವೇ.
ಆದರೆ ಆ ಸಂಜೆ ಕೋಟಿನ ಜಿಪ್ಪಿನ ರನ್ನರ್ ಕಿತ್ತು ಕೈಗೇ ಬಂತು.
ಅಡುಗೆಮನೆಯ ಮೇಜಿನ ಮೇಲೆ ಹರವಿ, ಇಕ್ಕಳ ಹಿಡಿದು ಕೂತೆ.
ಹನ್ನೊಂದು ವರ್ಷದಲ್ಲಿ ಮೊದಲ ಸಲ
ಮುಗಿಸಿದ ಕೆಲಸವನ್ನು ಮೈಮೇಲೆ ಹಾಕಿಕೊಂಡು
ಮನೆಯೆಲ್ಲ ಓಡಾಡಿದೆ.

ಈಗ ಡಂಡೀ ಊರಿನ ಹಿಲ್‌ಟೌನ್ ಏರಿನಲ್ಲಿ,
ಕ್ಷೌರದಂಗಡಿ ಎದ್ದುಹೋದ ಒಂದೇ ಬಾಗಿಲಿನ ಜಾಗದಲ್ಲಿ ನನ್ನ ಬೋರ್ಡು:
ಜಿಪ್ ರಿಪೇರಿ. ಅಷ್ಟೇ.
ಅವನು ಬಿಟ್ಟುಹೋದ ಕನ್ನಡಿ ಇನ್ನೂ ಗೋಡೆಯಲ್ಲಿದೆ,
ಗಿರಾಕಿಯಿಲ್ಲದಾಗ ಅಂಗಡಿಯಲ್ಲಿ ಇಬ್ಬರಿರುತ್ತೇವೆ.

ಇದೇ ಏರಿನ ಕೆಳಗೆ ಸೆಣಬಿನ ಗಿರಣಿಯಲ್ಲಿ
ಗೋಣಿತಟ್ಟು ನೇಯುತ್ತಿದ್ದಳು ನಮ್ಮಜ್ಜಿ.
ಮಗ್ಗದ ಸದ್ದಿಗೆ ಕಿವಿ ಹೋಗಿ, ಬೆರಳಲ್ಲೇ ಮಾತು.
ಬದುಕಿದ್ದರೆ ಬಾಗಿಲಲ್ಲಿ ನಿಂತು
ಹೆಬ್ಬೆರಳನ್ನು ತೋರುಬೆರಳಿಗೆ ಉಜ್ಜಿ ಕೇಳುತ್ತಿದ್ದಳು: ದುಡ್ಡು?

ದುಡ್ಡು.
ಸೋಮವಾರ ಬೋಣಿಯಿಲ್ಲ.
ಮಂಗಳವಾರ ಒಬ್ಬಾಕೆ ಬಂದು, ಕ್ಷೌರದವನು ಎಲ್ಲಿ ಹೋದ ಅಂತ ಕೇಳಿದಳು.
ಬುಧವಾರ, ಗುರುವಾರ, ಗಾಳಿ.
ಹಳೆ ಚಾಳಿ ಬಿಡದು, ಎಲ್ಲವನ್ನೂ ದಿನಗೂಲಿಯಿಂದ ಭಾಗಿಸುತ್ತೇನೆ.
ಒಂದು ಲೋಟ ಚಹಾ ಕುಡಿಯಲು ಹನ್ನೆರಡು ನಿಮಿಷ,
ಅಲ್ಲಾಗಿದ್ದರೆ ಹತ್ತೂವರೆ ಪೌಂಡು.
ಕುಡಿದೆ. ಅಷ್ಟು ದುಬಾರಿ ಚಹಾ ಜನ್ಮದಲ್ಲಿ ಕುಡಿದಿರಲಿಲ್ಲ.

ಶುಕ್ರವಾರ ಒಂಬತ್ತಕ್ಕೆ ಬಾಗಿಲು ತಳ್ಳಿಕೊಂಡು ಬಂದವನು
ಜಾಕೆಟ್ ಕೊಡಲಿಲ್ಲ. ಜಾಕೆಟ್ಟಿನೊಳಗೇ ಇದ್ದ.
ಡೌಗಲ್ ಪೆಟ್ರಿ, ಬಸ್ ಡ್ರೈವರ್.
"ನಿನ್ನೆ ರಾತ್ರಿಯಿಂದ," ಅಂದ, ಗಲ್ಲ ಮೇಲೆತ್ತಿಕೊಂಡೇ,
"ಇದರಲ್ಲೇ ಮಲಗಿದೆ. ಹೆಂಡತಿ ಕತ್ತರಿ ತಂದಳು. ಬೇಡ ಅಂದೆ."

ಸ್ಟೂಲಿನ ಮೇಲೆ ಕೂರಿಸಿ, ಕನ್ನಡಿಗೆ ಮುಖ ಮಾಡಿಸಿ,
ಮೇಣದಬತ್ತಿಯ ತುಂಡನ್ನು ಜಿಪ್ಪಿನ ಹಲ್ಲುಗಳಿಗೆ ತಿಕ್ಕಿದೆ.
ಅಸ್ತರಿನದೊಂದು ನೂಲು ಕಚ್ಚಿಕೊಂಡಿತ್ತು.
ಸೂಜಿತುದಿಯಲ್ಲಿ ಬಿಡಿಸಿ ಎಳೆದೆ.
ಸರ್ರನೆ, ಹೊಟ್ಟೆಯವರೆಗೆ.
ಅವನು ಬಿಟ್ಟ ಉಸಿರಿಗೆ ಕನ್ನಡಿ ಮಸುಕಾಯಿತು.

ನಾಲ್ಕು ಪೌಂಡು, ಚಿಲ್ಲರೆಯಲ್ಲಿ, ಇನ್ನೂ ಜೇಬಿನ ಬಿಸಿ.
ಆರು ನಿಮಿಷದ ಕೆಲಸ.
ಹಳೆ ದರಕ್ಕಿಂತ ಒಂದೂಕಾಲು ಪೌಂಡು ಕಮ್ಮಿ.
ನಾಲ್ಕು ದಿನದ ಗಾಳಿಯನ್ನು ಸೇರಿಸಲಿಲ್ಲ.
ಹಣವನ್ನು ಒಮ್ಮೆ ಕಣ್ಣಿಗೆ ಒತ್ತಿಕೊಳ್ಳೋಣ ಅನ್ನಿಸಿತು,
ಕನ್ನಡಿಯಲ್ಲಿ ಅವನು ನೋಡುತ್ತಿದ್ದ.

ಬಾಗಿಲಲ್ಲಿ ತಿರುಗಿ ಕೇಳಿದ:
"ನಾಳೆ ಇರುತ್ತೀಯಾ? ಮಗಳ ಡೇರೆಯದೊಂದಿದೆ."
ಬಾಯಿಗೆ ಬಂದದ್ದು ಹಳೆಯ ಉತ್ತರ, ಜೂನ್‌ವರೆಗೆ.
ನಿಜ ಹೇಳಬೇಕೆಂದರೆ ಕೂಡಿಟ್ಟದ್ದೂ ಅಷ್ಟಕ್ಕೇ ಇದೆ.
"ಒಂಬತ್ತಕ್ಕೆ ತೆಗೆಯುತ್ತೇನೆ," ಅಂದೆ.

ಹೊಸ್ತಿಲು ದಾಟಿದವನೇ
ಮತ್ತೆ ಗಲ್ಲದವರೆಗೂ ಎಳೆದುಕೊಂಡ, ಪುಣ್ಯಾತ್ಮ.
ಹೊರಗೆ ಗಾಳಿ ಹಾಗಿತ್ತು.